ಕೌದಿ ಹಾಸಿದ ಮೋಟಾರು

ಬೆಟಗೇರಿ
೫ ಫೆಬ್ರುವರಿ ೧೯೫೬

ಕಸ್ತೂರೆವ್ವ,

ಮೊದಲು ಮಕ್ಕಳ ಕ್ಷೇಮ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಕಾಗದವನ್ನು ಕೆಳಗಿನಿಂದ ಮೇಲೆ ಓದಲು ಶುರು ಮಾಡುತ್ತೀ. ಅಂದಾನಿಯ ಮುಂದಿನ ಹಲ್ಲು ಬಿದ್ದಿದೆ. ತಂಗೆವ್ವನಿಗೆ ನೆಗಡಿ ಆಗಿತ್ತು, ಈಗ ಇಲ್ಲ. ಬಗಲ ಮನೆಯ ಅಲ್ಮಾಸಬಿ ಇಬ್ಬರಿಗೂ ನೀರು ಎರೆದು, ಉಣ್ಣಿಸಿ ಬಿಟ್ಟಿದ್ದಾಳೆ. ಈಗ ಸುದ್ದಿ ಹೇಳುತ್ತೇನೆ, ಗಾಬರಿಯಾಗಬೇಡ. ನಮ್ಮ ಅಂಗಳದಲ್ಲಿ ಒಂದು ಮೋಟಾರು ನಿಂತಿದೆ.

ಶಿರಹಟ್ಟಿಯ ದೇವೇಂದ್ರಪ್ಪನವರ ತೋಟದ ಎಣ್ಣೆ ಇಂಜಿನ್ನು ಕೆಟ್ಟಾಗಲೆಲ್ಲ ನಾನೇ ಹೋಗಿ ರಿಪೇರಿ ಮಾಡುತ್ತಿದ್ದೆನಲ್ಲ, ಅವರದೇ ಇದು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಾಲ್ಕು ಕಲ್ಲಿನ ಮೇಲೆ ಕೂಡಿಸಿಟ್ಟ ನಾಲ್ಕು ಬಾಗಿಲಿನ ವಿಲಾಯತಿ ಗಾಡಿ. ಕೊಟ್ಟಿಗೆಯಲ್ಲೇ ಉಳಿದುಹೋಗಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಎಷ್ಟು ಸಲ ಮರಿ ಹಾಕಿದೆಯೋ ದೇವರಿಗೇ ಗೊತ್ತು. “ವಿರೂಪಾಕ್ಷಪ್ಪ, ಒಯ್ತೀಯಂದ್ರ ಒಯ್ಯಪಾ. ನನಗ ಕೊಟಗಿ ಖಾಲಿ ಆದ್ರ ಸಾಕಾಗೇತಿ” ಅಂದರು. ನಾನು ಎರಡನೇ ಸಲ ಕೇಳಲಿಲ್ಲ.

ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದೆ. ಮುಂದೆ ಅವರ ಆಳು ಎತ್ತು ಹೊಡೆಯುತ್ತಿದ್ದ, ಒಳಗೆ ಸ್ಟೇರಿಂಗು ಹಿಡಿದು ನಾನು ಸಾಹೇಬನ ಹಾಗೆ ಕುಳಿತಿದ್ದೆ. ಸೊರಟೂರಿನಲ್ಲಿ ಒಬ್ಬ ಮುದುಕ ಅಡ್ಡ ನಿಂತು, “ಎತ್ತ ಹೂಡೂದಿದ್ರ ಚಕ್ಕಡಿ ಏನ್ ಪಾಪ ಮಾಡಿತ್ತೋ ತಮ್ಮಾ” ಅಂದ. ಊರು ತಲುಪುವುದರೊಳಗೆ ನನ್ನ ಮಾನ ಪೂರ್ತಿ ಹೋಗಿತ್ತು.

ಯಾಕೆ ತಂದಿರಿ ಅಂತ ಕೇಳುತ್ತೀ. ಹೋದ ವರ್ಷ ನಿನ್ನನ್ನು ಆರೋಗ್ಯಧಾಮಕ್ಕೆ ಕರೆದೊಯ್ಯುವಾಗ, ನೀನು ಕೆಮ್ಮಿದ್ದಕ್ಕೆ ಬಸ್ಸಿನ ಜನ ಗದ್ದಲ ಮಾಡಿ ನಡುದಾರಿಯಲ್ಲಿ ನಮ್ಮನ್ನು ಇಳಿಸಿದರು. ಬಿಸಿಲಿನಲ್ಲಿ ಜಾಲಿಗಿಡದ ಕೆಳಗೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೀನು “ಅವರದೇನು ತಪ್ಪೈತ್ರಿ” ಅಂದೆ. ನನಗೆ ಆ ಮಾತು ಇನ್ನೂ ಆರಿಲ್ಲ. ನೀನು ವಾಸಿಯಾಗಿ ಬರುವಾಗ ನಿನ್ನನ್ನು ಯಾರೂ ಇಳಿಸಬಾರದು. ಅದಕ್ಕೇ ತಂದಿದ್ದೇನೆ. ಜಿನ್ನಿನ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಜೊತೆ ಇಷ್ಟು ವರ್ಷ ಗುದ್ದಾಡಿದವನಿಗೆ ಇದೊಂದು ಬಗ್ಗದೇ ಇರುತ್ತದೆಯೇ?

ನಿನ್ನ ಮನೆಯವ,
ವಿರೂಪಾಕ್ಷಪ್ಪ


ಆರೋಗ್ಯಧಾಮ, ಬೆಳಗಾವಿ ಹತ್ತಿರ
೨೬ ಫೆಬ್ರುವರಿ ೧೯೫೬

ಮನೆಯವರಿಗೆ ನಮಸ್ಕಾರ.

ಕಾಗದ ಓದಿ ಪಕ್ಕದ ಹಾಸಿಗೆಯ ಹುಚ್ಚವ್ವನಿಗೂ ಓದಿ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮು ಬಂದು ನರ್ಸಿನ ಹತ್ತಿರ ಇಬ್ಬರೂ ಬೈಸಿಕೊಂಡೆವು. ನಿಮಗೆ ಬುದ್ಧಿ ಇದೆಯೇ ಅಂತ ಕೇಳಬೇಕೆಂದಿದ್ದೆ. ಆದರೆ ಜಾಲಿಗಿಡದ ಮಾತು ಬರೆದಿರಿ, ಬೈಯಲು ಬಾಯಿ ಬರಲಿಲ್ಲ.

ನನಗೆ ಮೈ ತುಸು ತುಂಬಿದೆ. ದಿನಾ ಸೂಜಿ, ದಿನಾ ಹಾಲು, ದಿನಾ ಸುಮ್ಮನೆ ಮಲಗುವುದು. ಇಷ್ಟು ಮಲಗಿದ್ದನ್ನು ನಮ್ಮ ಅತ್ತೆ ಬದುಕಿದ್ದು ನೋಡಿದ್ದರೆ ಏನನ್ನುತ್ತಿದ್ದರೋ.

ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ನನ್ನ ತುಳಸಿ ಕಟ್ಟೆ ಎಲ್ಲಿ ಹೋಯಿತು? ಅಂದಾನಿಯ ಹಲ್ಲನ್ನು ಮಾಳಿಗೆಯ ಮೇಲೆ ಎಸೆದಿರೋ ಇಲ್ಲವೋ? ಮೊಳೆ, ಬೋಲ್ಟು ತಂಗೆವ್ವನ ಕೈಗೆ ಸಿಗದಂತೆ ಇಡಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಕೂಸು ಅದು. ನಾನು ಬಿಟ್ಟು ಬಂದಾಗ ಗೋಡೆ ಹಿಡಿದು ನಿಲ್ಲುತ್ತಿತ್ತು. ಈಗ ಓಡುತ್ತಿರಬೇಕು.

ಒಂದು ಮಾತು ಕೇಳುತ್ತೇನೆ, ಖರೆ ಹೇಳಿ. ತಂಗೆವ್ವ ನನ್ನನ್ನು ಕೇಳುತ್ತಾಳೆಯೇ?

ಕಸ್ತೂರೆವ್ವ


ಬೆಟಗೇರಿ
೮ ಏಪ್ರಿಲ್ ೧೯೫೬

ಕಸ್ತೂರೆವ್ವ,

ತುಳಸಿ ಕಟ್ಟೆ ಇದ್ದಲ್ಲೇ ಇದೆ, ಗಾಡಿಯ ಮೂತಿಗೂ ಅದಕ್ಕೂ ಒಂದು ಗೇಣು ಅಂತರ. ಹಲ್ಲನ್ನು ಮಾಳಿಗೆಯ ಮೇಲೆ ಎಸೆದೆವು. ಎರಡು ಸಲ ಕೆಳಗೆ ಬಿತ್ತು, ಮೂರನೇ ಸಲ ನಿಂತಿತು.

ಇಂಜಿನ್ನಿನ ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಸುರಿದು ಬಿಟ್ಟೆ. ಜಿನ್ನಿನಿಂದ ಬಂದವನೇ ಹ್ಯಾಂಡಲ್ ಹಾಕಿ ತಿರುವುವುದು, ಅದು ಅಲುಗದಿದ್ದರೆ ಬೈಯುವುದು, ಎಂಟು ದಿನ ಇದೇ ನಡೆಯಿತು. ಒಂಬತ್ತನೆಯ ದಿನ ಗಟಕ್ಕನೆ ಅಲುಗಿತು. ಅಷ್ಟರಲ್ಲಿ ಅಂದಾನಿ ನನ್ನ ಬೈಗುಳಗಳನ್ನೆಲ್ಲ ಕಲಿತು ಶಾಲೆಯಲ್ಲಿ ಒಪ್ಪಿಸಿದ್ದ. ಮಾಸ್ತರು ಕರೆಸಿ, “ಮನಿಯಾಗ ಏನ್ ಕಲಸಾಕತ್ತೀರಿ” ಅಂತ ಕೇಳಿದರು. “ಮೋಟಾರು ರಿಪೇರಿರಿ” ಅಂದೆ.

ಒಂದು ನಟ್ಟು ಕಳೆದಿತ್ತು. ಅಂಗಳದ ಮಣ್ಣನ್ನೆಲ್ಲ ಜರಡಿ ಹಿಡಿದೆ. ಮೂರನೇ ದಿನ ಅಲ್ಮಾಸಬಿ ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಸಿಕ್ಕಿತು. “ನಿನ್ನ ಮಗಳು ರೊಟ್ಟಿಗೂ ಫಿಟ್ಟಿಂಗ್ ಮಾಡ್ಯಾಳ ನೋಡಪಾ” ಅಂದಳು. ಅದಕ್ಕಿಂತ ದೊಡ್ಡದು ಇದೆ. ಗಾಡಿಗೆ ಜಡ್ಡಾಗಿದೆ ಅಂತ ಅಂದಾನಿ ತಂಗಿಗೆ ಹೇಳಿದ್ದನಂತೆ. ಜಡ್ಡಾದವರಿಗೆ ಅಂಬಲಿ ಕುಡಿಸುವುದು ಅವಳಿಗೆ ಗೊತ್ತು. ಮುಂದಿನ ನೀರಿನ ಟಾಕಿಯ ಮುಚ್ಚಳ ತೆಗೆದಿಟ್ಟು ನಾನು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ತಂಗೆವ್ವ ಅಣ್ಣನ ಹೆಗಲ ಮೇಲೆ ಕೂತು, ತನ್ನ ಪಾಲಿನ ಜೋಳದ ಅಂಬಲಿಯನ್ನೆಲ್ಲ ಟಾಕಿಗೆ ಸುರಿಯುತ್ತಿದ್ದಾಳೆ. ಹೊಡೆಯಲು ಕೈ ಎತ್ತಿದೆ. “ಗಾಡಿ ಕುಡೀತು, ಆರಾಮ ಆಕೈತಿ” ಅಂದಳು. ಹೇಗೆ ಹೊಡೆಯಲಿ? ಒಂದು ತಿಂಗಳಿನಿಂದ ಸೋರುತ್ತಿದ್ದ ಟಾಕಿ, ಅಂಬಲಿ ಹೋಗಿ ತೂತಿಗೆ ಕೂತಿತೋ ಏನೋ, ಎರಡು ದಿನ ಸೋರಲಿಲ್ಲ. ಆಮೇಲೆ ವಾಸನೆ ತಾಳಲಾರದೆ ತೊಳೆದೆ.

ಸೀಟು ಮಾತ್ರ ನೀನು ನೋಡಬೇಕು. ಬೆಕ್ಕಿನ ಸಂಸಾರ ತೆಗೆದುಹಾಕಿ, ಜಿನ್ನಿನ ಮಾಲಕರನ್ನು ಕೇಳಿ ಒಂದನೇ ನಂಬರಿನ ಹತ್ತಿ ತಂದು ನಾನೇ ಗಿಡಿದು ತುಂಬಿದ್ದೇನೆ. ಮಕ್ಕಳು ಅದರ ಮೇಲೆ ಕುಣಿದು ಕುಣಿದು ಮೂವರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಾದೆವು. ಅದರಲ್ಲಿ ಒಂದು ಚಿಟಿಕೆ ಈ ಕವರಿನಲ್ಲಿ ಇಟ್ಟಿದ್ದೇನೆ. ಮುಟ್ಟಿ ನೋಡು, ಎಷ್ಟು ಮೆತ್ತಗಿದೆ.

ನಿನ್ನ ಮನೆಯವ,
ವಿರೂಪಾಕ್ಷಪ್ಪ


ಆರೋಗ್ಯಧಾಮ
೨ ಮೇ ೧೯೫೬

ಮನೆಯವರಿಗೆ,

ಮಗಳ ಮಾತು ಕೇಳಿದರೆ ನೀವು ನೀರಿನ ಟಾಕಿಯ ಮಾತು ಬರೆದಿರಿ. ಇರಲಿ.

ದೀಪಾವಳಿಯ ಹೊತ್ತಿಗೆ ನನ್ನನ್ನು ಬಿಡುತ್ತಾರಂತೆ. ಬಿಟ್ಟ ಮೇಲೆ ನಾನು ಲಕ್ಷ್ಮೇಶ್ವರಕ್ಕೆ, ನಮ್ಮಪ್ಪನ ಮನೆಗೆ ಹೋಗಿ ಅಲ್ಲೇ ಇರುತ್ತೇನೆ. ಅಪ್ಪನೇ ಬಂದು ರೈಲಿನಲ್ಲಿ ಕರೆದುಕೊಂಡು ಹೋಗುತ್ತಾನೆ. ನೀವು ಗಾಡಿ ತರಬೇಡಿ. ಮಕ್ಕಳು ನಿಮ್ಮ ಹತ್ತಿರವೇ ಇರಲಿ, ಅಂದಾನಿಯ ಶಾಲೆ ತಪ್ಪಿಸಬೇಡಿ. ಯಾಕೆ ಅಂತ ಕೇಳಬೇಡಿ.

ಕಸ್ತೂರೆವ್ವ


ಬೆಟಗೇರಿ
೧೨ ಮೇ ೧೯೫೬

ಕಸ್ತೂರೆವ್ವ,

ಕೇಳಬೇಡಿ ಅಂದರೆ ಕೇಳದೇ ಇರಲು ನಾನೇನು ಕಲ್ಲೇ? ನಿನ್ನ ಮನೆ ಇದು. ಎರಡು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈ ತುಂಬ ಕರಿ ಎಣ್ಣೆ ಮಾಡಿಕೊಂಡು ನಾನು ಈ ಲೊಡ್ಡು ಗಾಡಿಯ ಹೊಟ್ಟೆಯ ಕೆಳಗೆ ಮಲಗುತ್ತಿರುವುದು ಯಾರಿಗಾಗಿ? ನಿಮ್ಮಪ್ಪ ನಿಜಲಿಂಗಪ್ಪನವರು ಕಾಳಿನ ಪೇಟೆಯ ದೊಡ್ಡ ವ್ಯಾಪಾರಸ್ಥರು, ಅವರ ಮನೆಯಲ್ಲಿ ನಿನಗೆ ಸುಖವಿದೆ, ಒಪ್ಪುತ್ತೇನೆ. ಹಾಗೆಂದು ನಮ್ಮನ್ನು ಬಿಟ್ಟು ಇರುತ್ತೀಯಾ?

ಯಾರಾದರೂ ನಿನಗೆ ಹೇಳಿರಬೇಕು, ಅದಕ್ಕೇ ಸಿಟ್ಟು. ನಾನೇ ಹೇಳಬೇಕಾಗಿತ್ತು. ತಂಗೆವ್ವ ನಿನ್ನನ್ನು ಕೇಳುವುದಿಲ್ಲ. ಅವಳು ಅಲ್ಮಾಸಬಿಯನ್ನು ಅವ್ವ ಅನ್ನುತ್ತಾಳೆ. ಯಾರೂ ಕಲಿಸಿದ್ದಲ್ಲ. ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಒಂದು ದಿನ “ಅವ್ವಾ” ಅಂತ ಅವಳ ಕಡೆ ಓಡಿದಳು. ಅಂದಿನಿಂದ ಹಾಗೇ ಆಗಿದೆ. ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ, ಅದಕ್ಕೆ ಗಾಡಿಯ ಸುದ್ದಿ ಬರೆದೆ.

ವಿರೂಪಾಕ್ಷಪ್ಪ


ಆರೋಗ್ಯಧಾಮ
೧ ಜೂನ್ ೧೯೫೬

ಮನೆಯವರಿಗೆ,

ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಕಾಗದದಿಂದಲೇ ತಿಳಿಯಿತು. ಓದಿ ಬಹಳ ಅತ್ತೆ. ಅಲ್ಮಾಸಬಿಯ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ, ಎರಡು ದಿನ ಇತ್ತು. ಮೂರನೇ ದಿನ ಯೋಚನೆ ಬಂತು, ಬಿದ್ದ ಕೂಸಿಗೆ ಓಡಿಹೋಗಲು ಒಂದು ಮಡಿಲೂ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ. ತಂಗೆವ್ವನನ್ನು ತಿದ್ದಬೇಡಿ.

ಬರುವುದಿಲ್ಲ ಅಂದದ್ದು ಬೇರೆ ಕಾರಣಕ್ಕೆ. ಏಪ್ರಿಲ್ ತಿಂಗಳಲ್ಲಿ ಡಾಕ್ಟರು ನನ್ನ ಎದೆಯ ಚಿತ್ರ ಕೈಯಲ್ಲಿ ಹಿಡಿದು, “ಮನಿ ಎಲ್ಲೈತಿ ನಿಂದು?” ಅಂತ ಕೇಳಿದರು. ಜಿನ್ನಿನ ಗೋಡೆಗೆ ಹತ್ತಿಕೊಂಡೇ ಇದೆ ಅಂದೆ. “ಗಂಡ ಏನ್ ಮಾಡ್ತಾನ?” ಅಂದರು. ಅದೇ ಜಿನ್ನಿನಲ್ಲಿ ಫಿಟ್ಟರು ಅಂದೆ. “ನೋಡವಾ, ಇಷ್ಟ ಕಷ್ಟಪಟ್ಟು ಎದಿ ಒಣಗಿಸೇವಿ. ಆ ಹತ್ತಿ ಧೂಳಿನಾಗ ಮತ್ತ ಹೋಗಿ ಇದ್ದೆಂದ್ರ ವರ್ಷದೊಳಗ ಇಲ್ಲೇ ಬರ್ತಿ. ಆವಾಗ ನನ್ನ ಕೈಲೆ ಆಗೂದಿಲ್ಲ” ಅಂದರು. ಅದಾಗಿ ನಾಲ್ಕು ದಿನಕ್ಕೆ ನಿಮ್ಮ ಕವರು ಬಂತು. ನೀವು ಇಟ್ಟ ಹತ್ತಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ನರ್ಸು ನೋಡಿ ಚಿಮಟದಿಂದ ಎತ್ತಿಕೊಂಡು ಹೋದಳು.

ನಮ್ಮ ಕಿಟಕಿಯಲ್ಲಿ, ನೀರಿನ ಕೊಡದಲ್ಲಿ, ನಿಮ್ಮ ಹುಬ್ಬಿನಲ್ಲಿ ಹತ್ತಿ. ಹನ್ನೆರಡನೇ ವಯಸ್ಸಿಗೆ ಆ ಬಾಗಿಲು ಹೊಕ್ಕವರು ನೀವು. ಆ ಕೆಲಸ ಬಿಟ್ಟು ಬನ್ನಿ ಅಂತ ಯಾವ ಬಾಯಿಂದ ಹೇಳಲಿ? ನಾನು ದೂರ ಇದ್ದರೆ ಎಲ್ಲರೂ ಬದುಕುತ್ತೀರಿ ಅನ್ನಿಸಿತು. ನಿಮ್ಮ ಸೀಟಿನ ಹತ್ತಿ ಬಹಳ ಮೆತ್ತಗಿತ್ತು. ಅದರ ಮೇಲೆ ಕೂತು ಬರುವ ಆಸೆ ನನಗೂ ಇತ್ತು.

ಕಸ್ತೂರೆವ್ವ


ಬೆಟಗೇರಿ
೧೦ ಜುಲೈ ೧೯೫೬

ಕಸ್ತೂರವ್ವಾ,

ನಾ ಅಲ್ಮಾಸಬಿ ಹೇಳಾಕತ್ತೀನಿ, ಅಂದಾನಿ ಶಾಲಿ ಮಾಸ್ತರು ಬರ್ಯಾಕತ್ತಾರ. ನಾ ಹೇಳಿದ್ದು ಹೇಳಿದ್ಹಾಂಗ ಬರೀರಿ, ಶಾಣ್ಯಾತನ ಮಾಡಬ್ಯಾಡ್ರಿ ಅಂತ ಹೇಳೀನಿ.

ನಿನ್ನ ಗಂಡ ಕಾಗದ ಓದಿ ಎರಡು ದಿನ ಮೋಟಾರದಾಗ ಹೋಗಿ ಕುಂತ. ಉಣ್ಣಾಕ ಕರದ್ರ ಬರಲಿಲ್ಲ. ತಂಗೆವ್ವ ಹೋಗಿ ಮಗ್ಗಲದಾಗ ಕುಂತಳು, ಅಂದಾನಿ ಹೋಗಿ ಕುಂತ. ಮೂರೂ ಮಂದಿ ನಿಂತ ಗಾಡಿಯೊಳಗ ಊರಿಗಿ ಹೊಂಟೋರ ಹಾಂಗ ಕುಂತಿದ್ರವಾ. ನಾ ಅಲ್ಲೇ ರೊಟ್ಟಿ ಕೊಟ್ಟೆ. ಮೂರನೇ ದಿನ ಎದ್ದಾಂವನ ಕತ್ತರಿ ತಗೊಂಡು ಸೀಟು ಹರದ. ಅಷ್ಟೂ ಹತ್ತಿ ಚೀಲಕ್ಕ ತುಂಬಿ ಜಿನ್ನಿಗಿ ಹೊತ್ತೊಯ್ದ. ತಿರುಗಿ ಬಂದು ಬಚ್ಚಲಕ್ಕ ಹೋಗಿ ತಾಸು ಮೈ ತಿಕ್ಕೊಂಡ. “ಅಲ್ಮಾಸಕ್ಕ, ಜಿನ್ನು ಬಿಟ್ಟೆ” ಅಂದ. ಓಣಿ ಮಂದಿ ಹುಚ್ಚು ಹಿಡದೈತಿ ಅಂದ್ರು. ನಾ ಅಂದೆ, ಹಿಡೀಲಿ ಬಿಡ್ರಿ, ಹಿಂತಾ ಹುಚ್ಚು ನಿಮಗ್ಯಾರಿಗಿ ಹಿಡದೈತಿ ಅಂತ.

ಈಗ ನಿಮ್ಮಪ್ಪನ ಊರಾಗ ಮನಿ ನೋಡ್ಯಾನಂತ. ಗುಡಗೇರಿ ಟೇಶನ್ನಿಗೂ ಲಕ್ಷ್ಮೇಶ್ವರಕ್ಕೂ ಮಂದೀನ ಕುಂಡ್ರಿಸಿಕೊಂಡು ಮೋಟಾರು ಹೊಡೀತಾನಂತ. ತಾಂವಾ ಹೇಳಾಕ ನಾಚಿಕಿ ಅಂವಗ. ಗಾಡಿ ಸುರು ಆದಮ್ಯಾಲ ಬರೀತೀನಿ ಅಂತಾನ. ಅದು ಸುರು ಆಗೂತನಾ ನೀ ಅಲ್ಲೆ ಅಳಕೋತ ಮಲಗೂದು ಬ್ಯಾಡಂತ ನಾ ಬರಸಾಕತ್ತೀನಿ.

ಸೀಟಿಗಿ ಹತ್ತಿ ಬ್ಯಾಡ. ನಾ ಕೌದಿ ಹೊಲಿಯಾಕ ಹತ್ತೀನಿ. ನನ್ನ ಹಳೀ ಸೀರಿ, ನಿನ್ನೆರಡು ಸೀರಿ, ಹುಡುಗರ ಅಂಗಿ, ಎಲ್ಲಾ ಚೆಂದಂಗ ಒಗದು, ಬಿಸಲಿಗಿ ಹಾಕಿ, ಪದರು ಪದರು ಕೂಡಿಸಿ ಹೊಲದ್ರ ಗಾದಿಕಿಂತ ಗಟ್ಟಿ ಆಕೈತಿ, ಒಂದು ಎಳಿ ಧೂಳು ಬರೂದಿಲ್ಲ.

ಇನ್ನೊಂದು ಮಾತು. ಕೂಸು ನನ್ನ ಅವ್ವ ಅಂತೈತಿ. ನಾ ಬ್ಯಾಡ ಅನ್ನಲಿಲ್ಲ, ಮಾಫ ಮಾಡು. ನನ್ನ ಮನ್ಯಾಗ ಯಾರೂ ಆ ಮಾತು ಅಂದಿರಲಿಲ್ಲ. ಅವರನ್ನ ಕರಕೊಂಡು ಹೋಗೂದು ಛಲೋನ ಐತಿ. ನಾ ಹೊಲಿಯೂದು ಸಾವಕಾಶ ಮಾಡಾಕತ್ತೀನಿ ಅಂತ ನಿನ್ನ ಗಂಡ ಬೈತಾನ. ಕಣ್ಣು ಮಂಜ ಆಗ್ಯಾವ ಅಂತ ಹೇಳೀನಿ.

ಅಲ್ಮಾಸಬಿಯ ಹೆಬ್ಬೆಟ್ಟು


ಬೆಟಗೇರಿ
೧೫ ಅಕ್ಟೋಬರ್ ೧೯೫೬

ಕಸ್ತೂರೆವ್ವ,

ದಸರೆಯ ಬನ್ನಿ ತಗೋ, ಬಂಗಾರದ ಹಾಗೆ ಇರೋಣ. ಎಲೆ ಕವರಿನಲ್ಲಿದೆ. ಈ ಸಲ ಡಾಕ್ಟರಿಗೆ ತೋರಿಸಿ ಇಟ್ಟುಕೋ.

ಮೊನ್ನೆ ಖಂಡೇಪೂಜೆಯ ದಿನ ಗಾಡಿಗೆ ಕುಂಕುಮ ಹಚ್ಚಿ, ಅಂದಾನಿಯ ಕೈಯಿಂದ ಕಾಯಿ ಒಡೆಸಿ ಹ್ಯಾಂಡಲ್ ತಿರುವಿದೆ. ಹೊಗೆ ಬಂತು, ಓಣಿಯೆಲ್ಲ ಕೆಮ್ಮಿತು, ಆಮೇಲೆ ಇಂಜಿನ್ನು ಹತ್ತಿತು. ತಂಗೆವ್ವ ಹೆದರಿ ಅಲ್ಮಾಸಬಿಯ ಸೆರಗಿನೊಳಗೆ ಹೊಕ್ಕಳು. ನಾನು ಅತ್ತೆ, ಹೊಗೆಗೆ ಅಂತ ಹೇಳಿದೆ.

ನವೆಂಬರ್ ಒಂದಕ್ಕೆ ಕನ್ನಡದ ಸೀಮೆಯೆಲ್ಲ ಒಂದಾಗುತ್ತದಲ್ಲ, ಮೆರವಣಿಗೆಗೆ ಗಾಡಿ ಕೊಡು ಅಂತ ಊರಿನ ಹಿರಿಯರು ಬಂದಿದ್ದರು. ಆ ದಿನ ನನಗೆ ಬೆಳಗಾವಿಯಲ್ಲಿ ಕೆಲಸವಿದೆ ಅಂದೆ. “ನಾಡಿಗಿಂತ ದೊಡ್ಡ ಕೆಲಸ ಏನೋ?” ಅಂದರು. “ನನ್ನ ಹೇಣ್ತೀನ ಕರ್ಕೊಂಡ ಬರೂದೈತ್ರಿ” ಅಂದೆ. ನಕ್ಕು ಹೋದರು.

ಮನೆಯ ಸಾಮಾನೆಲ್ಲ ಲಕ್ಷ್ಮೇಶ್ವರಕ್ಕೆ ಹೋಯಿತು. ಬಸದಿಯ ಹಿಂದಿನ ಓಣಿ, ಸುತ್ತ ಒಂದು ಹತ್ತಿಯ ಎಳೆ ಇಲ್ಲ, ಮೂಲೆ ಮೂಲೆ ನೋಡಿದ್ದೇನೆ. ನಾನು ವಿಚಾರ ಮಾಡಿದ್ದು ನಿನ್ನನ್ನು ಮನೆಗೆ ತರುವುದು. ಮನೆಯನ್ನೇ ನಿನ್ನ ಹತ್ತಿರ ತರುವುದು ಇಷ್ಟು ದಿನ ಹೊಳೆಯಲಿಲ್ಲ. ಮೂವರೂ ಬರುತ್ತೇವೆ, ಗೇಟಿನ ಹತ್ತಿರ ನಿಂತಿರು.

ವಿರೂಪಾಕ್ಷಪ್ಪ


ಲಕ್ಷ್ಮೇಶ್ವರ
೬ ನವೆಂಬರ್ ೧೯೫೬

ಅಲ್ಮಾಸಕ್ಕನಿಗೆ,

ಮಾಸ್ತರು ಇದನ್ನು ಸಾವಕಾಶ ಓದಿ ಹೇಳಲಿ. ನಾವು ಮುಟ್ಟಿದೆವು. ಹೋಗುವಾಗ ನೀನು ಬಾಗಿಲಲ್ಲಿ ನಿಂತದ್ದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದ್ದು, ಎಲ್ಲ ಅಂದಾನಿ ಹೇಳಿದ. ಗಾಡಿಯಲ್ಲಿ ಜಾಗ ಇತ್ತು, ನೀನೇ ಬರಲಿಲ್ಲ ಅಂತ ಇವರು ಅಂದರು. ಯಾಕೆ ಬರಲಿಲ್ಲ ಅಂತ ನನಗೆ ಗೊತ್ತು.

ದಾರಿಯ ಸುದ್ದಿ ಕೇಳು. ಹುಬ್ಬಳ್ಳಿಯಲ್ಲಿ ಮೆರವಣಿಗೆ ಎದುರಾಗಿ ಗಾಡಿ ನಟ್ಟನಡುವೆ ನಿಂತುಬಿಟ್ಟಿತು. ಇವರು ಇಳಿದು ಬಾಯಿಗೆ ಬಂದ ಹಾಗೆ ಬೈದರು, ಅಂದಾನಿಯೂ ಜೊತೆಗೆ ಬೈದ. ಅಷ್ಟರಲ್ಲಿ ಹುಡುಗರು ಬಂದು ಗಾಡಿಗೆ ಬಾವುಟ ಕಟ್ಟಿ, ಜಯಕಾರ ಹಾಕುತ್ತ ತಳ್ಳಲು ಶುರು ಮಾಡಿದರು. ಯಾವುದೋ ದೊಡ್ಡವರ ಗಾಡಿ ಅಂದುಕೊಂಡು ಒಬ್ಬ ಹೆಣ್ಣುಮಗಳು ನನ್ನ ಕೊರಳಿಗೆ ಹಾರ ಹಾಕಿದಳು. ನಾನು ಬೇಡ ಅನ್ನಲಿಲ್ಲ. ಹದಿನೆಂಟು ತಿಂಗಳಿನಿಂದ ಹೊರಗಿನವರು ಯಾರೂ ನನ್ನ ಹತ್ತಿರ ಬಂದಿರಲಿಲ್ಲ ಅಕ್ಕ. ಇವರು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು.

ಈಗ ನಿಜವಾದ ಮಾತು. ಆರೋಗ್ಯಧಾಮದ ಗೇಟಿನಲ್ಲಿ ಅಂದಾನಿ ಓಡಿಬಂದು ನನ್ನ ಸೊಂಟ ಅಪ್ಪಿಕೊಂಡ. ತಂಗೆವ್ವ ಗಾಡಿಯಿಂದ ಇಳಿಯಲಿಲ್ಲ. ನೀನು ಹೊಲಿದ ಕೌದಿಯಲ್ಲಿ ಮುಖ ಒತ್ತಿಕೊಂಡು ಮಲಗಿದಳು. ಇವರು ಎತ್ತಿ ನನ್ನ ಕೈಗೆ ಕೊಡಲು ಹೋದರು, ನಾನೇ ಬೇಡ ಅಂದೆ. ಐದು ದಿನ ಆಯಿತು. ನಾನು ಕೊಟ್ಟ ರೊಟ್ಟಿ ತಿನ್ನುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ, ಆದರೆ ನನ್ನನ್ನು “ದವಾಖಾನೆಯ ಬಾಯಿ” ಅಂತ ಕರೆಯುತ್ತಾಳೆ. ನಿನ್ನೆ ಹೊಸ್ತಿಲಲ್ಲಿ ಎಡವಿ ಬಿದ್ದಳು. ನಾನು ಎದುರಿಗೇ ಇದ್ದೆ, ಕೈ ಚಾಚಿದೆ. ನನ್ನನ್ನು ದಾಟಿ ಬೀದಿಯ ಬಾಗಿಲಿಗೆ ಓಡಿ, “ಅವ್ವ ಎಲ್ಲಿ?” ಅಂತ ಅತ್ತಳು. “ಬೆಟಗೇರಿಯಾಗ ಅದಾಳ, ಬರ್ತಾಳ” ಅಂದೆ. ಸುಮ್ಮನಾದಳು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ನಾನು ನಿನ್ನ ಹತ್ತಿರ ಏನನ್ನೂ ಕಸಿದುಕೊಳ್ಳಲು ಬಂದಿಲ್ಲ ಅಕ್ಕ. ಈ ಮನೆಯಲ್ಲಿ ನಡುಮನೆಯ ಪಕ್ಕ ಒಂದು ಕೋಣೆ ಇದೆ, ಬೆಳಕು ಚೆನ್ನಾಗಿ ಬರುತ್ತದೆ, ಹೊಲಿಯಲು ಅನುಕೂಲ. ಮಗಳು ಒಬ್ಬಳೇ, ಅವ್ವಂದಿರು ಇಬ್ಬರಿದ್ದರೆ ಅವಳಿಗೇನು ಭಾರವಾಗುತ್ತದೆ? ಮಂದಿ ಏನಾದರೂ ಅನ್ನಲಿ, ಮಂದಿ ನನ್ನನ್ನು ಬಸ್ಸಿನಿಂದ ಇಳಿಸಿದವರು.

ಶನಿವಾರ ಇವರು ಗಾಡಿ ತೆಗೆದುಕೊಂಡು ಬರುತ್ತಾರೆ. ಕಣ್ಣು ಮಂಜು, ಮೊಣಕಾಲು ನೋವು ಅಂತ ನೆಪ ಹೇಳಬೇಡ. ಬಂದು ತಂಗೆವ್ವನನ್ನು ಮಡಿಲಲ್ಲಿ ಕೂಡಿಸಿಕೊಂಡು, ನಾನು ಯಾರು ಅಂತ ಅವಳಿಗೆ ಹೇಳು. ನೀನು ಹೇಳಿದರೆ ಮಾತ್ರ ಅವಳು ನಂಬುತ್ತಾಳೆ.

ನಿನ್ನ ತಂಗಿ,
ಕಸ್ತೂರೆವ್ವ